ಕೈಕಟ್ಟಿ ನಿಂತವರು

"ಗುರುಗಳೇ, ಜಗಳವಾಡುವ ಇಬ್ಬರ ಮಾತೂ ಸರಿಯೆಂದು ತೋರಿದರೆ ತೀರ್ಪು ಯಾರ ಕಡೆಗೆ ಕೊಡಬೇಕು?"

ಹೀಗೆ ಕೇಳಿ ಗುರುಗಳ ಮುಂದೆ ಕೈಕಟ್ಟಿ ನಿಂತವನು ಶಿಷ್ಯ ನಿಜಗುಣ. ಮೂರು ಹರಿದಾರಿ ಬಿಸಿಲಲ್ಲಿ ನಡೆದು ಬಂದಿದ್ದ. ಕಾಲು ತೊಳೆಯುವಷ್ಟು ತಾಳ್ಮೆಯೂ ಅವನಿಗೆ ಉಳಿದಿರಲಿಲ್ಲ.

ವರ್ಷದ ಹಿಂದೆ ಗುರುಗಳು ಅವನನ್ನು ಕಲ್ಲು ಒಡೆಯುವವರ ಕೇರಿಗೆ ಕಳಿಸಿದ್ದರು. ಅಲ್ಲಿಯ ಹುಡುಗರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಊರವರೆದುರು ನಿಂತು ನಾಲ್ಕು ಮಾತಾಡುವ ಧೈರ್ಯ, ತಮ್ಮ ಜಗಳವನ್ನು ತಾವೇ ಬಗೆಹರಿಸಿಕೊಳ್ಳುವ ಬುದ್ಧಿ, ಇವೆರಡನ್ನು ಕಲಿಸಿ ಬಾ ಎಂದಿದ್ದರು. ನಿಜಗುಣ ಜೀವ ತೇಯ್ದು ಕಲಿಸಿದ. ಹುಡುಗರು ಅವನನ್ನು ಹಚ್ಚಿಕೊಂಡರು. ಜಗಳವಾದಾಗಲೆಲ್ಲ ಅವನ ಬಳಿಗೆ ಓಡಿ ಬಂದರು, ಅವನು ಹೇಳಿದ್ದನ್ನು ಮರುಮಾತಿಲ್ಲದೆ ಒಪ್ಪಿದರು. ಅವನಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಇಂದು ಬೆಳಿಗ್ಗೆ ಎಲ್ಲ ತಲೆಕೆಳಗಾಯಿತು. ಕೇರಿಗೆ ಕುಡಿಯುವ ನೀರು ಕೇಳಲು ಊರ ಪಂಚಾಯಿತಿಗೆ ಒಬ್ಬನನ್ನು ಕಳಿಸಬೇಕಿತ್ತು. ನಾನು ಹೋಗುತ್ತೇನೆ ಎಂದು ದುರುಗ ಎದ್ದ. ಅವನ ಮಾತು ಚುರುಕು, ಸಿಟ್ಟೂ ಅಷ್ಟೇ ಚುರುಕು. ನಾನು ಹೋಗುತ್ತೇನೆ ಎಂದು ಮಾರೆಪ್ಪನೂ ಎದ್ದ. ಅವನಿಗೆ ತಾಳ್ಮೆ ಬಹಳ, ಬಾಯಿ ಕಡಿಮೆ. ಮಾತಿಗೆ ಮಾತು ಬೆಳೆದು ಇಬ್ಬರೂ ಸುತ್ತಿಗೆ ಎತ್ತಿಕೊಂಡರು. "ಯಾರು ಹೋಗಬೇಕು, ನೀವೇ ಹೇಳ್ರಿ" ಎಂದು ನಿಜಗುಣನ ಮುಖ ನೋಡಿದರು. ಅವನಿಗೆ ಏನೂ ಹೊಳೆಯಲಿಲ್ಲ. "ಗುರುಗಳನ್ನ ಕೇಳ್ಕೊಂಡು ಬರ್ತೀನಿ, ಅಲ್ಲೀತನಕ ಸುಮ್ಮನಿರ್ರಿ" ಎಂದು ಹೇಳಿ ಹೊರಟೇಬಿಟ್ಟ. ಅವರು ಸುತ್ತಿಗೆ ಕೆಳಗಿಟ್ಟರೋ ಇಲ್ಲವೋ, ಅದನ್ನೂ ನಿಂತು ನೋಡಲಿಲ್ಲ.

ಗುರುಗಳು ಎಲ್ಲವನ್ನೂ ಕೇಳಿಸಿಕೊಂಡರು. ದುರುಗ ಎನ್ನಲಿಲ್ಲ, ಮಾರೆಪ್ಪ ಎನ್ನಲಿಲ್ಲ. ಕತೆ ಶುರು ಮಾಡಿದರು.

"ಒಬ್ಬ ಬಾವಿ ತೋಡುವವನಿದ್ದ. ದಿಕ್ಕಿಲ್ಲದ ಇಬ್ಬರು ಹುಡುಗರನ್ನು ಕರೆತಂದು ಕಸುಬು ಕಲಿಸಿದ. ಕಸುಬು ಬೇಗ ಕೈಹತ್ತಿತು. ಆದರೆ ಇಬ್ಬರಿಗೂ ಗಳಿಗೆಗೊಂದು ಜಗಳ, ಜಗಳಕ್ಕೊಂದು ಹೊಡೆದಾಟ. ಬೇಸತ್ತು ಅವನೊಂದು ಕಟ್ಟಳೆ ಮಾಡಿದ. ಜಗಳ ಹುಟ್ಟಿತೋ, ಕೈಯಲ್ಲಿದ್ದುದನ್ನು ಅಲ್ಲೇ ಬಿಡಬೇಕು, ನನ್ನ ಮುಂದೆ ಬಂದು ಕೈಕಟ್ಟಿ ನಿಲ್ಲಬೇಕು, ಸರಿ ಯಾರದೆಂದು ನಾನು ಹೇಳುತ್ತೇನೆ ಎಂದ. ಹುಡುಗರು ಒಪ್ಪಿದರು. ಗುದ್ದಲಿ ಬಿಟ್ಟು ಬರುವರು, ಉಣ್ಣುವ ತುತ್ತು ಬಿಟ್ಟು ಬರುವರು. ಅವನು ತೀರ್ಪು ಹೇಳುವನು. ಹೊಡೆದಾಟ ನಿಂತಿತು. ಎಂಥ ಹುಡುಗರನ್ನು ಹೇಗೆ ತಿದ್ದಿದನೆಂದು ಊರು ಹೊಗಳಿತು. ಅವನೂ ಬೀಗಿದ. ಬೀಗದೆ ಇರುತ್ತಾನೆಯೇ?

"ಒಂದು ದಿನ ಆರಾಳುದ್ದದ ಬಾವಿಯ ತಳದಲ್ಲಿ ಅವನ ಕೆಲಸ ಮುಗಿಯಿತು. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕುಳಿತ. ಮೇಲಿಂದ ಇಬ್ಬರೂ ಎಳೆಯತೊಡಗಿದರು. ಅರ್ಧಕ್ಕೆ ಬಂದಾಗ ಒಬ್ಬ, 'ನಾ ಹೇಳಿದಾಗ ಎಳಿ' ಎಂದ. ಇನ್ನೊಬ್ಬ, 'ನಿನ್ನ ಮಾತು ನಾ ಯಾಕ ಕೇಳ್ಲಿ? ನಾ ಹೇಳಿದಾಗ ನೀನು ಎಳಿ' ಎಂದ."

ಗುರುಗಳು ಒಂದು ಗುಟುಕು ನೀರು ಕುಡಿದರು.

"ಹೊಡೆದಾಡಿದರೇ?" ಎಂದು ನಿಜಗುಣ ಕೇಳಿದ.

"ಛೆ, ಅವರು ತಿದ್ದಿದ ಹುಡುಗರಪ್ಪ! ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದರು. ಇಬ್ಬರೂ ಹಗ್ಗ ಬಿಟ್ಟರು. ಬಾವಿಯ ಅಂಚಿಗೆ ಬಂದು ಕೈಕಟ್ಟಿ ನಿಂತರು. ತಳದಲ್ಲಿ ಸೊಂಟ ಮುರಿದುಕೊಂಡು ಬಿದ್ದವನನ್ನು, 'ಯಜಮಾನ್ರ, ನಮ್ಮಿಬ್ಬರಾಗ ಯಾರ್ದು ಸರಿ, ಹೇಳ್ರಿ' ಎಂದು ಕೇಳಿದರು."

ನಿಜಗುಣನಿಗೆ ನಗು ಬಂತು. ಬಂದಷ್ಟೇ ಬೇಗ ಹೋಯಿತು. ತಪ್ಪು ಹುಡುಗರದು ಎನ್ನೋಣವೆಂದರೆ ಅವರು ಹೇಳಿದಂತೆಯೇ ನಡೆದಿದ್ದರು. ಬಾವಿಯವನದು ಎನ್ನೋಣವೆಂದರೆ ಪಾಪ, ಅವನು ಹೊಡೆದಾಟ ನಿಲ್ಲಿಸಿದವನು. ಕೇಳಲು ಬಂದದ್ದು ಒಂದು, ತಲೆಗೆ ಹೊಕ್ಕದ್ದು ಇನ್ನೊಂದು. ದುರುಗನೋ ಮಾರೆಪ್ಪನೋ ಎಂಬುದು ಹಾಗೇ ಉಳಿದಿತ್ತು. ತನ್ನ ಹುಡುಗರು ವರ್ಷವಿಡೀ ತನ್ನ ಬಳಿಗೆ ಓಡಿ ಬಂದದ್ದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಆಗ ಅವನಿಗೆ ಹೆಮ್ಮೆಯಾಗಿತ್ತು, ಈಗ ಹೆದರಿಕೆಯಾಯಿತು.

"ಹಾಗಾದರೆ ಆ ಬಾವಿಯವನು ನಾನೇ ಎನ್ನುತ್ತೀರಾ, ಗುರುಗಳೇ?"

"ಬಾವಿಯವನು ನಾನು, ತಮ್ಮಾ, ಹಗ್ಗ ಬಿಟ್ಟು ಬಂದು ಕೈಕಟ್ಟಿ ನಿಂತವನು ನೀನು."

ನಿಜಗುಣ ತನ್ನ ಕೈಗಳನ್ನು ನೋಡಿಕೊಂಡ. ಅವು ಇನ್ನೂ ಕಟ್ಟಿಕೊಂಡೇ ಇದ್ದವು.