ಹತ್ತು ಸಾವಿರ ಮೀಸೆಕಾಪು

ಗುಂಡುಗಲ್ಲು ಕೋಟೆಯ ದೊರೆ ಬೊಮ್ಮಲಿಂಗ ನಾಯಕರು ಯುದ್ಧ ಗೆದ್ದವರಲ್ಲ, ಕೆರೆ ಕಟ್ಟಿಸಿದವರೂ ಅಲ್ಲ. ಮೀಸೆ ಬೆಳೆಸಿದ್ದರು. ಒಮ್ಮೆ ಬೀಗರ ಮನೆಯ ಊಟದಲ್ಲಿ ಆ ಮೀಸೆ ದೊರೆಗಿಂತ ಮೊದಲೇ ಪಾಯಸದ ಬಟ್ಟಲಿಗೆ ಇಳಿಯಿತು. ಬೀಗಿತ್ತಿಯರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ದೊರೆ ಊರಿಗೆ ಬಂದವರೇ ತಾಮ್ರದ ಕೆಲಸದವನನ್ನು ಕರೆಸಿ ಒಂದು ಸಾಧನ ಮಾಡಿಸಿದರು. ಎರಡು ಕಿವಿಗೆ ಎರಡು ಕೊಕ್ಕೆ, ತುಟಿಯ ಮೇಲೆ ತಾಮ್ರದ ಪಟ್ಟಿ. ಏನೇ ಕುಡಿದರೂ ಮೀಸೆ ಪಟ್ಟಿಯ ಮೇಲೆ ಹಾಯಾಗಿ ಕೂತಿರುತ್ತದೆ. ಹೆಸರು ಮೀಸೆಕಾಪು.

ಅದನ್ನು ತೊಟ್ಟುಕೊಂಡೇ ಆಸ್ಥಾನಕ್ಕೆ ಬಂದರು. "ಇಂಥದ್ದು ಮೂರು ಲೋಕದಲ್ಲಿಲ್ಲ. ನಮ್ಮೂರಲ್ಲಿ ಎಷ್ಟು ಜನಕ್ಕೆ ಬೇಕಾಗಬಹುದು? ಮೊದಲೇ ಗೊತ್ತಾದರೆ ಅಷ್ಟೂ ಮಾಡಿಸೋಣ."

ಪ್ರಧಾನಿ ಸುಬ್ಬರಸರು ಇಂಥ ಮಾತಿಗೇ ಕಾದು ಕೂತಿರುವವರು. "ಲೆಕ್ಕ ಆಗಲೇ ಹಾಕಿದ್ದೇನೆ ಪ್ರಭು. ಅರಮನೆಯಲ್ಲಿ ಹತ್ತು ಜನರನ್ನು ಕೇಳಿದೆ. ಹತ್ತೂ ಜನ ಬೇಕು ಎಂದರು. ಊರಲ್ಲಿ ಹತ್ತು ಸಾವಿರ ಜನ ಇದ್ದಾರೆ. ತ್ರೈರಾಶಿ ಹಾಕಿದರೆ ಹತ್ತು ಸಾವಿರ ಮೀಸೆಕಾಪು."

"ಅಷ್ಟು ತಾಮ್ರ ಎಲ್ಲಿಂದ?"

"ಮನೆಮನೆಯ ಬಚ್ಚಲಲ್ಲೂ ಒಂದೊಂದು ಹಂಡೆ ಸುಮ್ಮನೆ ಕೂತಿದೆಯಲ್ಲ ಪ್ರಭು. ತರಿಸಿ ಕರಗಿಸಿದರಾಯಿತು."

ಆಸ್ಥಾನದ ವಿದೂಷಕ ಕೆಂಚರಸನಿಗೆ ಥಟ್ಟನೆ ತನ್ನ ಮನೆಯ ಬಚ್ಚಲು ನೆನಪಾಯಿತು. ಅವನ ಮನೆಯ ಹಂಡೆ ಹೆಂಡತಿ ಪುಟ್ಟಗೌರಿ ತವರಿನಿಂದ ತಂದದ್ದು. "ನೀವು ನಾಲ್ಕು ದಿನ ಮನೆಗೆ ಬರದಿದ್ರೂ ತಡ್ಕೋತೀನಿ, ಇದಕ್ಕೊಂದು ನೆಗ್ಗು ಬಿದ್ರೆ ತಡ್ಕೊಳ್ಳಲ್ಲ" ಎನ್ನುವ ಹೆಂಗಸು ಅವಳು. ಹೆದರಿಕೆಯಾದಾಗ ಕೆಂಚರಸನಿಗೆ ನಗು ಬರುತ್ತಿತ್ತು. ಈಗಲೂ ಬಂತು, ಅದೂ ಜೋರಾಗಿ.

"ಯಾಕೋ ನಗು?" ಎಂದರು ದೊರೆ.

"ಏನಿಲ್ಲ ಪ್ರಭು. ಆ ಹತ್ತು ಸಾವಿರದಲ್ಲಿ ಅರ್ಧ ಹೆಂಗಸರು. ಉಳಿದರ್ಧದಲ್ಲಿ ತೊಟ್ಟಿಲ ಕೂಸುಗಳೂ ಇವೆ. ಅವರಿಗೆಲ್ಲ ಮೀಸೆಯನ್ನೂ ಅರಮನೆಯಿಂದಲೇ ಕೊಡುತ್ತೀರೋ ಏನೋ ಅಂತ."

"ಬೇಕು ಅಂತ ಅವರೇ ಹೇಳಿದ್ದಾರೆ," ಎಂದರು ಸುಬ್ಬರಸರು.

"ಹೇಳಿದ ಹತ್ತು ಜನರಲ್ಲಿ ಸೂಲಗಿತ್ತಿ ಹೊನ್ನಾಜಮ್ಮನೂ ಇದ್ದಾಳೆ. ಏನಜ್ಜಿ, ನಿನಗ್ಯಾಕೆ ಮೀಸೆಕಾಪು?"

ಬಾಗಿಲ ಬಳಿ ನಿಂತಿದ್ದ ಹೊನ್ನಾಜಮ್ಮ ಅತ್ತಿತ್ತ ನೋಡಿದಳು. "ದೊರೆಗಳು ಮಾಡ್ಸಿದ್ದು ಬೇಕಾ ಅಂದ್ರು. ಬ್ಯಾಡ ಅನ್ನಕಾಯ್ತದಾ ಸಾಮಿ?"

ದೊರೆಯ ಮುಖ ಕೆಂಪಾಯಿತು. "ಹಾಗಾದರೆ ನೀನೇ ಹೇಳೋ ಜಾಣ, ಎಷ್ಟು ಜನ ಕೊಳ್ಳುತ್ತಾರೆ? ಒಂದು ಹೆಚ್ಚುಕಡಿಮೆಯಾದರೂ ನಿನ್ನ ಮನೆಯ ಹಂಡೆಯೇ ಮೊದಲು ಕುಲುಮೆಗೆ. ಸರಿಹೋದರೆ ಊರಿನ ಯಾರ ಹಂಡೆಯನ್ನೂ ಮುಟ್ಟುವುದಿಲ್ಲ."

ಈಗ ಕೆಂಚರಸನ ನಗು ನಿಂತಿತು. ಗಂಟಲು ಸರಿಮಾಡಿಕೊಂಡು ಹೇಳಿದ, "ಎರಡು ಮಾತು ನಡೆಸಿಕೊಡಬೇಕು ಪ್ರಭು. ಬೇಕು ಅನ್ನುವವನು ಸಂತೆಯ ದಿನ ತನ್ನ ಮನೆಯ ಹಂಡೆಯನ್ನು ತಾನೇ ತಂದು ಅಂಗಳದಲ್ಲಿ ಇಡಬೇಕು. ಹಂಡೆ ತಂದವನದ್ದು ಮಾತ್ರ ಲೆಕ್ಕಕ್ಕೆ. ತರದವರ ಮೇಲೆ ತಾವು ಸಿಟ್ಟಾಗಬಾರದು."

"ಆಯಿತು. ನಿನ್ನ ಲೆಕ್ಕ ಹೇಳು."

"ನನ್ನದೂ ತ್ರೈರಾಶಿಯೇ. ಅದೇ ಹತ್ತು ಜನ. ಅದರಲ್ಲಿ ಐದು ಜನಕ್ಕೆ ಮೀಸೆಯೇ ಇಲ್ಲ. ಉಳಿದ ಐವರಿಗೆ ಮೀಸೆ ಇದೆ, ಆದರೆ ಮನೆಯಲ್ಲಿ ಹೆಂಡತಿಯೂ ಇದ್ದಾಳೆ. ಹಂಡೆ ಹೊಸಿಲು ದಾಟಲ್ಲ. ಹತ್ತಕ್ಕೆ ಸೊನ್ನೆ ಅಂದರೆ ಹತ್ತು ಸಾವಿರಕ್ಕೂ ಸೊನ್ನೆ. ಅದರ ಮೇಲೆ ಒಂದು ಸೇರಿಸುತ್ತೇನೆ. ನನ್ನ ಲೆಕ್ಕ ಒಂದು."

ಆ ಒಂದು ತಾವೇ ಎಂದುಕೊಂಡು ದೊರೆ ಮೀಸೆ ಸವರಿಕೊಂಡರು. ಆ ಒಂದು ದೊರೆಯೇ ಎಂದು ಸುಬ್ಬರಸರೂ ಅಂದುಕೊಂಡು ಒಳಗೊಳಗೇ ನಕ್ಕರು.

ಮನೆಯಲ್ಲಿ ಪುಟ್ಟಗೌರಿಗೆ ವಿಷಯ ಮುಟ್ಟಿತ್ತು. ಸಂತೆಯ ದಿನದವರೆಗೂ ಅವಳು ಮಾತಾಡಿದ್ದು ಹಂಡೆಯ ಜೊತೆಗೆ ಮಾತ್ರ.

ಸಂತೆಯ ದಿನ ಊರಿಗೆ ಊರೇ ಅರಮನೆಯ ಅಂಗಳಕ್ಕೆ ಬಂತು. ಎಲ್ಲರೂ ಬಂದಿದ್ದು ಬರಿಗೈಯಲ್ಲಿ. ಸೇನಾಪತಿ ತಮ್ಮ ಹಂಡೆ ಸೋರುತ್ತದೆ ಎಂದರು. ಪುರೋಹಿತರು ಗಲ್ಲ ಸವರಿಕೊಂಡು ಆಕಾಶ ನೋಡಿದರು. ಹೊತ್ತು ಇಳಿಯುತ್ತ ಬಂತು. ಅಂಗಳದಲ್ಲಿ ಒಂದು ಚೊಂಬು ಕೂಡ ಇರಲಿಲ್ಲ. ಕೆಂಚರಸ ಬೆವರುತ್ತಿದ್ದ. ಒಂದು ಎಂದವನಿಗೆ ಸೊನ್ನೆಯೂ ಸೋಲೇ.

ಅಷ್ಟರಲ್ಲಿ ಬೀದಿಯಲ್ಲಿ ಗಲಾಟೆಯಾಯಿತು. ಪ್ರಧಾನಿಗಳು ತಮ್ಮ ಹಂಡೆಯನ್ನು ತಾವೇ ಹೆಗಲ ಮೇಲೆ ಹೊತ್ತು ಏದುಸಿರು ಬಿಡುತ್ತ ಬಂದರು. ಹಿಂದೆ ಅವರ ಹೆಂಡತಿ ದಾರಿಯುದ್ದಕ್ಕೂ ಬೈಯುತ್ತ ಬರುತ್ತಿದ್ದಳು. ಸುಬ್ಬರಸರು ಹಂಡೆಯನ್ನು ಅಂಗಳದ ನಡುವೆ ಇಟ್ಟು ನುಣ್ಣನೆಯ ತುಟಿ ಒರೆಸಿಕೊಂಡರು.

"ನನಗೂ ಒಂದು ಬೇಕು ಪ್ರಭು. ತಮ್ಮದೊಂದು, ನನ್ನದೊಂದು, ಒಟ್ಟು ಎರಡಾಯಿತು. ಕೆಂಚರಸನ ಹಂಡೆ ತರಿಸಿ."

ಕೆಂಚರಸ ನಿಟ್ಟುಸಿರು ಬಿಟ್ಟು ದೊರೆಗೆ ಅಡ್ಡಬಿದ್ದ. "ಪ್ರಭು, ತಾವು ಹಂಡೆ ತಂದಿದ್ದೀರಾ?"

"ನಾನ್ಯಾಕೋ ತರಲಿ? ನನ್ನದು ಆಗಲೇ ತಯಾರಾಗಿ ತುಟಿಯ ಮೇಲಿದೆ."

"ಅಂದರೆ ತಾವು ಲೆಕ್ಕಕ್ಕಿಲ್ಲ. ಹಂಡೆ ತಂದವರು ಪ್ರಧಾನಿಗಳೊಬ್ಬರೇ. ನಾನು ಸೇರಿಸಿದ ಒಂದು ಅವರೇ."

ದೊರೆ ಹಂಡೆ ನೋಡಿದರು, ಪ್ರಧಾನಿಯ ಬೋಳು ತುಟಿ ನೋಡಿದರು. ನಗು ತಡೆಯಲು ನೋಡಿದರು, ಆಗಲಿಲ್ಲ. "ಅಲ್ಲವೋ, ಸುಬ್ಬರಸರು ಸುಮ್ಮನೆ ಮನೆಯಲ್ಲಿದ್ದಿದ್ದರೆ?"

"ನನ್ನ ಹಂಡೆ ಹೋಗುತ್ತಿತ್ತು. ಆದರೆ ಅವರು ಸುಮ್ಮನಿದ್ದ ದಿನವನ್ನು ತಾವು ಯಾವತ್ತಾದರೂ ಕಂಡಿದ್ದೀರಾ ಪ್ರಭು?"

ಅಂಗಳವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಪ್ರಧಾನಿಯ ಹೆಂಡತಿ. ಊರಿನ ಹಂಡೆಗಳಿಗೆ ಅಭಯ ಸಿಕ್ಕಿತು. ಮೀಸೆ ಬೆಳೆಯುವ ತನಕ ಸುಬ್ಬರಸರು ಮೀಸೆಕಾಪನ್ನು ಖಾಲಿಯಾಗಿಯೇ ತೊಡಬೇಕೆಂದು ಅಪ್ಪಣೆಯಾಯಿತು.

ದೊರೆ ಕಣ್ಣೊರೆಸಿಕೊಂಡು ಹೇಳಿದರು, "ಮೆಚ್ಚಿದೆ ಕೆಂಚರಸ. ಇನಾಮಾಗಿ ನಿನಗೂ ಒಂದು ಮೀಸೆಕಾಪು ಮಾಡಿಸಿಕೊಡುತ್ತೇನೆ."

ಕೆಂಚರಸ ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ.

"ದಮ್ಮಯ್ಯ, ಬೇಡ ಪ್ರಭು. ಲೆಕ್ಕ ಎರಡಾದರೆ ನಾನು ಮನೆಗೆ ಹೋಗುವ ಹಾಗಿಲ್ಲ."