ಹೊನ್ನಕ್ಕಿ ಫೋಟೊ ಹಿಡಿದ ಮಾದಪ್ಪ

ಕೇಳ್ರಪ್ಪ, ಕೇಳಿ. ನಗೋದಿದ್ರೆ ಕೊನೇಲಿ ನಗಿ, ಮಧ್ಯೆ ನಕ್ಕರೆ ನಂಗೆ ಕತೆ ತಪ್ಪಿಹೋಗುತ್ತೆ.

ದುಂಡಮ್ಮ ಅಂತ ಒಬ್ಬಳು. ಗಂಡ ಸತ್ತು ಗೋಡೆ ಮೇಲೆ ಫೋಟೊ ಆಗಿದ್ದ. ಇದ್ದವನು ಒಬ್ಬನೇ ಮಗ, ಮಾದಪ್ಪ. ಕೆಟ್ಟವನಲ್ಲ. ಹೇಳಿದ ಮಾತು ಚಾಚೂ ತಪ್ಪದೆ ಕೇಳ್ತಿದ್ದ. ತೊಂದರೆ ಬಂದದ್ದೇ ಅದರಿಂದ! ಬೇರೆ ತಾಯಂದಿರು ಮಗ ಹೇಳಿದ್ದು ಕೇಳಲ್ಲ ಅಂತ ಅಳ್ತಾರೆ. ದುಂಡಮ್ಮ ಮಗ ಹೇಳಿದ್ದೆಲ್ಲ ಕೇಳ್ತಾನೆ ಅಂತ ಅಳ್ತಿದ್ದಳು.

ಇಂಥವನಿಗೆ ಹೆಣ್ಣು ಯಾರು ಕೊಡ್ತಾರೆ? ಕೇಳಿದ ಮನೆಯವರೆಲ್ಲ ಜಾತಕ ಕೂಡಲಿಲ್ಲ ಅಂದರು. ದುಂಡಮ್ಮ ಜಾತಕ ಕೊಟ್ಟೇ ಇರಲಿಲ್ಲ!

ಕೊನೆಗೆ ಪಕ್ಕದೂರಿನ ಡ್ರಾಯಿಂಗ್ ಮೇಷ್ಟ್ರು ಬಿಳಿಗಿರಯ್ಯ ಸಿಕ್ಕಿದರು. ಅವರ ಮಗಳು ದೇವೀರಮ್ಮ. ಮೇಷ್ಟ್ರಿಗೆ ಹಕ್ಕಿ ಹುಚ್ಚು. ಹುಡುಗ ಏನು ಓದಿದ್ದಾನೆ ಅಂತ ಕೇಳಲಿಲ್ಲ, ಜಮೀನು ಎಷ್ಟು ಅಂತ ಕೇಳಲಿಲ್ಲ. "ನಿಮ್ಮ ಅಡುಗೆಮನೆ ಕಿಟಕಿ ಹಿಂದಿನ ಅತ್ತಿಮರಕ್ಕೆ ಹೊನ್ನಕ್ಕಿ ಬರುತ್ತಂತೆ, ಹೌದಾ?" ಅಂದರು.

"ಬರುತ್ತೆ ಮೇಷ್ಟ್ರೆ, ಅರಿಶಿನ ಮೆತ್ತಿದ ಹಂಗೆ ಹಳದಿ."

ಮೇಷ್ಟ್ರು ಒಳಗೆ ಹೋಗಿ ಕ್ಯಾಮೆರಾ ತಂದು ಕೈಗಿಟ್ಟರು. ಆಗೆಲ್ಲ ರೀಲು ಹಾಕೋ ಕ್ಯಾಮೆರಾ. "ನಿಮ್ಮ ಹುಡುಗ ಆ ಹಕ್ಕಿ ಫೋಟೊ ಹಿಡಿದು ಸಂತೆ ದಿನದೊಳಗೆ ಕೊಡಲಿ. ಹಕ್ಕಿಗೆ ಕಾಯೋ ತಾಳ್ಮೆ ಇದ್ದೋನು ಹೆಂಡ್ತಿ ಜೊತೆ ಬಾಳ್ತಾನೆ. ಕಣ್ಣು ಮುಚ್ಚಿ ಮಗಳನ್ನ ಕೊಡ್ತೀನಿ!"

ದುಂಡಮ್ಮನಿಗೆ ಕೈಗೆ ಸೊಸೆ ಬಂದಷ್ಟೇ ಸಂತೋಷ. ಕಂಬಿ ಇಲ್ಲದ ಆ ಕಿಟಕಿ ಹತ್ರ ಮಗನನ್ನ ಕೂರಿಸಿ, "ನೋಡ್ಲಾ, ಸ್ಟುಡಿಯೋದಲ್ಲಿ ನಿನ್ನ ಫೋಟೊ ಹೆಂಗೆ ಹಿಡಿದ್ರು? ಹಂಗೇ ಹಿಡಿ" ಅಂದಳು.

"ಹೂಂ ಕಣವ್ವ!"

ಹಕ್ಕಿ ಬಂತು, ಕೊಂಬೆ ಮೇಲೆ ಕೂತ್ಕೊಂತು. ಮಾದಪ್ಪ ಒಂದು ಕೈಲಿ ಬಾಚಣಿಗೆ, ಒಂದು ಕೈಲಿ ಪೌಡರ್ ಡಬ್ಬ ಹಿಡಿದು ಕಿಟಕಿಯಿಂದ ಅರ್ಧ ಆಚೆ ಬಂದ. "ತಲೆ ಎತ್ತಿ! ಸ್ವಲ್ಪ ಎಡಕ್ಕೆ! ಹಾಂ, ನಗಿ!" ಅಂತ ಕೂಗಿ ಬುಸ್ ಅಂತ ಪೌಡರ್ ಊದಿದ. ಹಕ್ಕಿ ನಗುತ್ತಾ? ಹಾರಿಹೋಯಿತು!

"ಅಯ್ಯೋ ನನ್ನ ಕರ್ಮವೇ! ಮಾತಾಡಬಾರದು ಕಣ್ಲಾ! ಕಿಟಕಿಗೆ ಯಾರೇ ಬರಲಿ, ತುಟಿ ಬಿಚ್ಚಬೇಡ, ಅಲ್ಲಾಡಬೇಡ. ಸುಮ್ಮನೆ ಗುಂಡಿ ಒತ್ತು!"

"ಹೂಂ ಕಣವ್ವ!"

ಮಾರನೇ ದಿನ ದುಂಡಮ್ಮ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಮನೆ ಹೆಂಗಿದೆ ನೋಡಿ ಬರೋಣ ಅಂತ ಮೇಷ್ಟ್ರ ಅಕ್ಕ ಚೆನ್ನಾಜಮ್ಮ ಬಂದರು. ಮುಂಬಾಗಿಲು ಹಾಕಿತ್ತು. ಹಿಂದಿನ ಕಿಟಕಿಗೆ ಬಂದು ಇಣುಕಿದರು.

"ಅಮ್ಮ ಇದ್ದಾರೇನಪ್ಪಾ?"

ಕ್ಲಿಕ್!

"ಯಾಕಪ್ಪಾ, ಕಿವಿ ಕೇಳ್ಸಲ್ವಾ?"

ಕ್ಲಿಕ್!

"ಅಯ್ಯೋ ಶಿವನೇ, ಮೂಗನಾ?"

ಕ್ಲಿಕ್!

ಚೆನ್ನಾಜಮ್ಮ ಸೆರಗು ಕೊಡವಿ ಬಿರಬಿರನೆ ನಡೆದರು. ದಾರೀಲಿ ಸಿಕ್ಕಿದ ದುಂಡಮ್ಮನಿಗೆ ಸರಿಯಾಗಿ ಮಂಗಳಾರತಿ ಆಯಿತು. ಅದನ್ನೆಲ್ಲ ಹೊತ್ತು ತಂದು ಅವಳು ಮಗನ ತಲೆ ಮೇಲೆ ಸುರಿದಳು.

"ಬಂದೋರನ್ನ ಹಂಗಾ ನಿಲ್ಲಿಸೋದು? ಒಳಗೆ ಕರೀಬೇಕು! ಚಾಪೆ ಹಾಕ್ಬೇಕು, ನೀರು ಕೊಡ್ಬೇಕು. ಊಟ ಮಾಡ್ಕೊಂಡೇ ಹೋಗಿ ಅನ್ಬೇಕು!"

"ಹೂಂ ಕಣವ್ವ!"

ಮಾರನೇ ದಿನ ಬಂದಿದ್ದು ಕೋತಿ. ಒಂದಲ್ಲ, ಸಂಸಾರ ಸಮೇತ. ಮಾದಪ್ಪ ಕಿಟಕಿ ರೆಕ್ಕೆ ಪೂರ್ತಿ ತೆಗೆದ. "ಬನ್ನಿ, ಬನ್ನಿ! ಮಕ್ಕಳನ್ನೂ ಕರ್ಕೊಂಡು ಬಂದಿದ್ದೀರಾ, ಸಂತೋಷ!" ಚಾಪೆ ಹಾಸಿದ. ತಂಬಿಗೇಲಿ ನೀರಿಟ್ಟ. ಬಾಳೆಗೊನೆ ಮುಂದಿಟ್ಟ.

ದುಂಡಮ್ಮ ಬಂದು ನೋಡ್ತಾಳೆ, ಹಪ್ಪಳದ ಡಬ್ಬ ಬೋರಲು, ಬೆಲ್ಲದ ಮಡಕೆ ಚೂರು, ದೊಡ್ಡ ಗಡವ ಅವಳ ಕನ್ನಡಕ ಹಾಕ್ಕೊಂಡು ಕೂತಿದೆ!

"ಊಟ ಮಾಡ್ಕೊಂಡೇ ಹೋಗಿ ಅಂದೆ ಕಣವ್ವ. ಊಟ ಆಯ್ತು, ಹೋಗ್ತಾನೇ ಇಲ್ಲ."

"ಹೋಗ್ತವಾ? ಕಿಟಕಿಗೆ ಏನಾದ್ರೂ ಬಂದ್ರೆ ತಟ್ಟೆ ಬಡಿಬೇಕು ಕಣ್ಲಾ! ಹೋ ಅಂತ ಕೂಗಿ ಓಡಿಸ್ಬೇಕು!"

"ಹೂಂ ಕಣವ್ವ!"

ಆಮೇಲೆ ಏನಾಯಿತು ಅಂತ ನಾನು ಬೇರೆ ಹೇಳಬೇಕಾ? ಸಂತೆ ಹಿಂದಿನ ದಿನ ಹೊನ್ನಕ್ಕಿ ಬಂತು. ಕೊಂಬೆ ಬಿಟ್ಟು ಕಿಟಕಿ ಮೇಲೇ ಬಂದು ಕೂತ್ಕೊಂತು. ಕೈ ಚಾಚಿದರೆ ಸಿಗಬೇಕು, ಅಷ್ಟು ಹತ್ರ. ಮಾದಪ್ಪ ತಟ್ಟೆ ತಗೊಂಡ. ಡಣ ಡಣ ಡಣ! ಹೋ! ಹೊನ್ನಕ್ಕಿ ಹೋಯಿತು, ಗಿಳಿ ಹೋಯಿತು, ಆ ಬೀದೀಲಿದ್ದ ಕಾಗೆಗಳೂ ಊರು ಬಿಟ್ಟವು.

ದುಂಡಮ್ಮ ಈ ಸಲ ಬೈಯಲಿಲ್ಲ. ನೆಲದ ಮೇಲೆ ಕೂತು ಅತ್ತಳು. "ನಾನು ಹೋದಮೇಲೆ ನಿಂಗೆ ಒಂದು ತುತ್ತು ಹಾಕೋರು ಯಾರ್ಲಾ? ಅದಕ್ಕೋಸ್ಕರ ಒದ್ದಾಡಿದೆ. ಆಯ್ತು ಬಿಡು. ಅವರದ್ದು ಅವರಿಗೆ ಕೊಟ್ಟು ಬಾ."

"ಹೂಂ ಕಣವ್ವ!"

ಮಾದಪ್ಪ ಕ್ಯಾಮೆರಾ ಕೊಟ್ಟು ಬಂದ. ಮೇಷ್ಟ್ರು ರೀಲು ತೊಳೆಸಿದರು. ಮೊದಲನೇ ಫೋಟೊದಲ್ಲಿ ಅಕ್ಕ ಬಾಯಿ ತೆರೆದಿದ್ದಾರೆ. ಎರಡನೇದರಲ್ಲಿ ಇನ್ನೂ ಜಾಸ್ತಿ ತೆರೆದಿದ್ದಾರೆ. ಮೂರನೇದು ನೋಡಿ ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ಅಕ್ಕನ ತಲೆ ಮೇಲಿನ ಕೊಂಬೇಲಿ ಹೊನ್ನಕ್ಕಿ! ಕತ್ತು ಬಗ್ಗಿಸಿ, ಯಾರಪ್ಪಾ ಇವಳು ಅಂತ ನೋಡ್ತಾ ಇದೆ!

"ನಮ್ಮಕ್ಕ ಎದುರಿಗೆ ನಿಂತು ಅಷ್ಟು ಕಿರುಚಿದರೂ ಹುಡುಗ ಅಲ್ಲಾಡಿಲ್ಲ, ತುಟಿ ಬಿಚ್ಚಿಲ್ಲ! ಏನು ತಾಳ್ಮೆ, ಏನು ತಾಳ್ಮೆ! ಇಂಥ ಅಳಿಯ ಎಲ್ಲಿ ಸಿಗ್ತಾನೆ?" ಅಂದರು ಮೇಷ್ಟ್ರು. ಓದಿದವರಲ್ವಾ, ಅವರಿಗೆ ಎಲ್ಲಾ ಅರ್ಥವಾಗುತ್ತೆ.

ಬರೋ ಶುಕ್ರವಾರ ತಾಂಬೂಲ ಬದಲಾಯಿಸೋದು ಅಂತ ಹೇಳಿಕಳಿಸಿದರು. ಜೊತೆಗೆ ಹಕ್ಕಿ ಫೋಟೊನೂ ಬಂತು. ಮಾದಪ್ಪ ಅದನ್ನ ತಗೊಂಡು ಹೋಗಿ ಅತ್ತಿಮರಕ್ಕೆ ಕಟ್ಟಿದ.

"ಯಾಕ್ಲಾ ಅಲ್ಲಿ ಕಟ್ಟಿದ್ದೀಯ?"

"ಅವರದ್ದು ಅವರಿಗೆ ಕೊಡು ಅಂದ್ಯಲ್ಲವ್ವ. ಅದು ಹಕ್ಕಿದು."

ಸಂಜೆ ಮಳೆಗೆ ಫೋಟೊ ಹಪ್ಪಳದ ಹಿಟ್ಟಾಯಿತು. ದುಂಡಮ್ಮ ಅವನ ಕಿವಿ ಹಿಡಿದು ಗೋಡೆ ಮುಂದೆ ನಿಲ್ಲಿಸಿದಳು. "ನೋಡು, ನಿಮ್ಮಪ್ಪನ ಫೋಟೊ ನೋಡು! ಕಟ್ಟು ಹಾಕ್ಸಿ, ಕುಂಕುಮ ಇಟ್ಟು, ಹಾರ ಹಾಕಿ, ದಿನಾ ಊದುಬತ್ತಿ ಹಚ್ಚಿ ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀನಿ! ಮನೆಗೆ ಫೋಟೊ ಬಂದ್ರೆ ಹಂಗಿಟ್ಕೋಬೇಕು, ತಿಳೀತಾ?"

"ತಿಳೀತು ಕಣವ್ವ!"

ಶುಕ್ರವಾರ ಬೆಳಿಗ್ಗೆ ದುಂಡಮ್ಮ ವೀಳ್ಯದೆಲೆ ತರೋಕೆ ಹೋದಳು. ಆ ಹೊತ್ತಿಗೇ ಮೇಷ್ಟ್ರ ಕಡೆಯವರೊಬ್ಬರು ಬಂದು, "ನಮ್ಮ ದೇವೀರಮ್ಮಂದು, ನೋಡ್ತಾ ಇರಪ್ಪಾ. ಎಲ್ಲಾ ಹಿಂದೆ ಬರ್ತಾವ್ರೆ" ಅಂತ ಹುಡುಗಿ ಫೋಟೊ ಕೊಟ್ಟು ಹೋದರು. ಒಳ್ಳೆ ಕಟ್ಟು ಹಾಕಿಸಿದ ಫೋಟೊ. ಮಾದಪ್ಪನಿಗೆ ಹಿಗ್ಗೋ ಹಿಗ್ಗು. ಈ ಸಲ ಮಾತ್ರ ಅವ್ವನ ಹತ್ರ ಬೈಸ್ಕೋಬಾರದು ಅಂತ ಚಕಚಕನೆ ಕೆಲಸ ಮಾಡಿದ.

ಹಣ್ಣುಕಾಯಿ ತಟ್ಟೆ ಹಿಡ್ಕೊಂಡು ಮೊದಲು ಹೊಸಿಲು ದಾಟಿದವರು ಚೆನ್ನಾಜಮ್ಮ. ತಲೆ ಎತ್ತಿದರು. ಗೋಡೆ ಮೇಲೆ ಸತ್ತ ಅಪ್ಪ. ಅಪ್ಪನ ಪಕ್ಕದಲ್ಲಿ ದೇವೀರಮ್ಮ. ಹಣೆಗೆ ಕುಂಕುಮ, ಮೇಲೆ ಸೇವಂತಿಗೆ ಹಾರ, ಮುಂದೆ ದೀಪ, ಘಮಘಮ ಊದುಬತ್ತಿ!

ತಟ್ಟೆ ನೆಲಕ್ಕೆ ಬಿತ್ತು. "ಅಯ್ಯಯ್ಯೋ ನನ್ನ ಕಂದಾ! ಈಗ ತಾನೇ ಮನೇಲಿ ನಿಂಗೆ ತಲೆ ಬಾಚಿ ಬಂದೆನಲ್ಲೇ!"

ಮಾದಪ್ಪ ಓಡಿ ಬಂದು ಚಾಪೆ ಹಾಸಿ ನೀರಿಟ್ಟ. ಕೈ ಮುಗಿದು, "ಕೂತ್ಕೊಳಿ, ಊಟ ಮಾಡ್ಕೊಂಡೇ ಹೋಗಿ" ಅಂದ.

ಹಿಂದೇ ಬಂದ ಮೇಷ್ಟ್ರು ಗೋಡೆ ಕಡೆ ಬೆರಳು ತೋರಿಸಿದರು. "ಏ... ಏನಪ್ಪಾ ಇದು?"

"ಏನೂ ಯೋಚನೆ ಮಾಡ್ಬೇಡಿ ಮೇಷ್ಟ್ರೆ" ಅಂದ ಮಾದಪ್ಪ. "ನಮ್ಮಪ್ಪನ್ನ ಹೆಂಗೆ ಇಟ್ಕೊಂಡಿದ್ದೀವೋ, ನಿಮ್ಮ ಮಗಳನ್ನೂ ಹಂಗೇ ಇಟ್ಕೋತೀವಿ!"

ದುಂಡಮ್ಮ ಎಲೆ ಕಟ್ಟು ಹಿಡ್ಕೊಂಡು ಬೀದಿ ತಿರುವಿಗೆ ಬಂದಾಗ, ಬೀಗರು ಹಾರದ ಸಮೇತ ಹುಡುಗಿ ಫೋಟೊ ಎತ್ಕೊಂಡು ಓಡ್ತಾ ಇದ್ದರು. ಒಬ್ಬರೂ ತಿರುಗಿ ನೋಡಲಿಲ್ಲ. ಅವಳು ಬಂದು ಹೊಸಿಲ ಮೇಲೆ ಕುಸಿದು ಕೂತಳು.

ಮಾದಪ್ಪ ಪಕ್ಕದಲ್ಲಿ ಕೂತು ಅವ್ವನ ಬೆನ್ನು ಸವರಿದ. ಅವನಿಗೂ ಬೇಜಾರೇ ಆಗಿತ್ತು.

"ಊಟ ಮಾಡ್ಕೊಂಡೇ ಹೋಗಿ ಅಂತ ಎಷ್ಟು ಹೇಳಿದೆ ಕಣವ್ವ, ಒಬ್ಬರೂ ನಿಲ್ಲಲಿಲ್ಲ. ಇವರಿಗಿಂತ ಕೋತಿಗಳೇ ಮರ್ಯಾದಸ್ಥರು."