ಕೌದಿ ಅಂಗಡಿಯ ಸುದ್ದಿಪತ್ರ

ಧಾರವಾಡದ ಅಡಿವೆಪ್ಪ ಸಾವ್ಕಾರರ ಕೌದಿ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸವಾಗಿತ್ತು. ಗಿರಾಕಿಗಳು ತಂದ ಹಳೇ ಸೀರೆಗಳನ್ನು ಪದರಪದರವಾಗಿ ಸೇರಿಸಿ ಕೌದಿ ಹೊದಿಕೆ ಹೊಲಿಯಲು ಅಲ್ಲಿದ್ದದ್ದು ಒಬ್ಬಳೇ ಕೆಲಸದಾಕೆ.

“ಹಳೇ ಗಿರಾಕಿಗಳಿಗೆ ಸುದ್ದಿಪತ್ರ ಕಳಸು. ನಾಕೂ ಪುಟದಾಗ ನನ್ನ ಸನ್ಮಾನದ ಫೋಟೊ ಇರಬೇಕು. ಜನ ಬರಲಿಲ್ಲಂದ್ರ ಅಂಗಡಿ ಮುಚ್ಚತೀನಿ,” ಅಂದರು ಸಾವ್ಕಾರರು.

ಆಕೆ ಸೂಜಿ ಕೆಳಗಿಟ್ಟು ಯೋಚಿಸಿದಳು. ಆ ಮುಖ ನೋಡಿ ಯಾರು ಬಂದಾರು? ಈ ಕೆಲಸವೂ ಹೋದರೆ ತನಗೆ ಬೇರೆ ದಿಕ್ಕಿಲ್ಲ.

ಕೊನೆಗೆ ಫೋಟೊ ತುಂಬಿದ ಪತ್ರ ಒಂದೇ ಒಂದು ಅಚ್ಚು ಹಾಕಿಸಿ ಸಾವ್ಕಾರರ ಕೈಗಿಟ್ಟಳು. ಗಿರಾಕಿಗಳಿಗೆ ಬೇರೆಯದೇ ಕಳಿಸಿದಳು: ‘ಟ್ರಂಕಿನಾಗಿನ ನಿಮ್ಮವ್ವನ ಸೀರಿ ನುಸಿ ಪಾಲಾಗೂದು ಬ್ಯಾಡ. ತರ್ರಿ, ಹೊದ್ದು ಮಲಗೂ ಹಂಗ ಹೊಲದು ಕೊಡತೀನಿ.’

ವಾರದೊಳಗೆ ಅಂಗಡಿ ತುಂಬಿತು.

“ನೋಡಿದೇನವಾ ನನ್ನ ಫೋಟೊದ ಮಹಿಮಾ!” ಅನ್ನುತ್ತ ಸಾವ್ಕಾರರು ಎದೆಯುಬ್ಬಿಸಿ ಜನರ ಸಾಲಿನ ಮುಂದೆ ಹೋಗಿ ನಿಂತರು.

ಮುದುಕಿಯೊಬ್ಬಳು ಅವರನ್ನು ಮೊಣಕೈಯಿಂದ ತಿವಿದಳು. “ಪಾಳಿ ಬಿಟ್ಟು ನಿಲ್ಲಬ್ಯಾಡೋ ತಮ್ಮಾ. ನಿಮ್ಮವ್ವನ ಸೀರಿ ಎಲ್ಲೈತಿ?”